ಬಲಿಪೀಠದ ಬಳಿ ನಾಲ್ವರು, ರೋಗಿಯ ಮನೆಗೆ ಯಾರು?

ಧರ್ಮಕೇಂದ್ರದ ಪಾಲನಾ ಪರಿಷತ್ತು ಬದಲಾಗುವ ಹೊತ್ತಿಗೆ ನಮ್ಮಲ್ಲಿ ಹಲವೆಡೆ ಇನ್ನೊಂದು ಪಟ್ಟಿಯೂ ಸಿದ್ಧವಾಗುತ್ತದೆ. ಅದು ಪರಮ ಪ್ರಸಾದ ವಿತರಿಸಲು ಧರ್ಮಗುರುಗಳಿಗೆ ನೆರವಾಗುವ ಶ್ರೀಸಾಮಾನ್ಯ ವಿಶ್ವಾಸಿಗಳ ಪಟ್ಟಿ. ಹೆಸರುಗಳು ಬಿಷಪರಿಗೆ ಹೋಗುತ್ತವೆ, ಒಪ್ಪಿಗೆ ಪತ್ರ ಬರುತ್ತದೆ, ಒಂದು ಭಾನುವಾರ ಬಲಿಪೂಜೆಯ ನಡುವೆ ಆಶೀರ್ವಾದದ ವಿಧಿ ನಡೆಯುತ್ತದೆ. ಮುಂದಿನ ವಾರದಿಂದ ಬಲಿಪೀಠದ ಬಳಿ ಇಬ್ಬರೋ ನಾಲ್ವರೋ ಹೊಸ ಮುಖಗಳು. ಭಕ್ತರ ಸಾಲು ಬೇಗ ಕರಗುತ್ತದೆ, ಪೂಜೆ ಹತ್ತು ನಿಮಿಷ ಮೊದಲೇ ಮುಗಿಯುತ್ತದೆ, ಎಲ್ಲರಿಗೂ ಸಂತೋಷ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಭಾನುವಾರ, ಅದೇ ಧರ್ಮಕೇಂದ್ರದಲ್ಲಿ, ಮಂಚ ಬಿಟ್ಟು ಏಳಲಾಗದವರು ಮನೆಯಲ್ಲೇ ಇದ್ದಾರೆ. ಅವರ ಸರದಿ ಬರುವುದು ತಿಂಗಳ ಮೊದಲ ಶುಕ್ರವಾರ. ಆ ಶುಕ್ರವಾರ ಗುರುಗಳಿಗೆ ಶವಸಂಸ್ಕಾರ ಬಂದರೆ, ವಾರ್ಷಿಕ ಹಬ್ಬದ ನೊವೆನಾ ಇದ್ದರೆ, ಆಟಿಯ ಮಳೆಗೆ ಗದ್ದೆಯಂಚಿನ ದಾರಿ ಮುಳುಗಿದ್ದರೆ, ಸರದಿ ಮುಂದಿನ ತಿಂಗಳಿಗೆ. ವರ್ಷಕ್ಕೆ ಹನ್ನೆರಡು ಸಲ ಸಿಗಬೇಕಾದದ್ದು ಒಂಬತ್ತಕ್ಕೋ ಎಂಟಕ್ಕೋ ಇಳಿಯುತ್ತದೆ. ಐವತ್ತು ವರ್ಷ ಒಂದು ಭಾನುವಾರವೂ ಪೂಜೆ ತಪ್ಪಿಸದವರಿಗೆ ಕೊನೆಗಾಲದಲ್ಲಿ ಸಿಗುವುದು ಇಷ್ಟೇ.

ಪಟ್ಟಿಯೂ ಇದೆ, ಒಪ್ಪಿಗೆ ಪತ್ರವೂ ಇದೆ, ಜನರೂ ಇದ್ದಾರೆ. ಹಾಗಿದ್ದರೂ ಈ ಸೇವೆ ಚರ್ಚಿನ ಮೆಟ್ಟಿಲು ಇಳಿದು ಮನೆಗಳಿಗೆ ಯಾಕೆ ಹೋಗುತ್ತಿಲ್ಲ ಎಂಬುದೇ ಇಂದು ನಾವು ಕೇಳಬೇಕಾದ ಪ್ರಶ್ನೆ.

ಮೊದಲಿಗೆ ಈ ಸೇವೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದು ಏಳು ವರ್ಷಗಳ ನಂತರ, 1973ರ ಜನವರಿ 29ರಂದು, ಜಗದ್ಗುರು ಆರನೇ ಪೌಲರ ಕಾಲದಲ್ಲಿ ರೋಮಿನಿಂದ 'ಇಮೆನ್ಸೇ ಕಾರಿತಾತಿಸ್' ಎಂಬ ಸೂಚನಾ ಪತ್ರ ಹೊರಬಂತು. ಹೆಸರಿನ ಅರ್ಥ 'ಅಪಾರ ಪ್ರೀತಿ' ಎಂದು. ಶ್ರೀಸಾಮಾನ್ಯರನ್ನು ಪರಮ ಪ್ರಸಾದದ ಸೇವಕರನ್ನಾಗಿ ನೇಮಿಸುವ ಅಧಿಕಾರವನ್ನು ಸ್ಥಳೀಯ ಧರ್ಮಾಧ್ಯಕ್ಷರಿಗೆ ಕೊಟ್ಟ ಪತ್ರ ಇದೇ. ಅದು ಮೂರು ಸಂದರ್ಭಗಳನ್ನು ಹೇಳುತ್ತದೆ. ಧರ್ಮಗುರುವಾಗಲಿ ಡೀಕನ್ ಆಗಲಿ ಅಕೊಲೈಟ್ ಆಗಲಿ ಇಲ್ಲದಿರುವುದು ಒಂದು. ಅವರಿದ್ದೂ ಬೇರೆ ಪಾಲನಾ ಕೆಲಸ, ಅನಾರೋಗ್ಯ ಅಥವಾ ವೃದ್ಧಾಪ್ಯದಿಂದಾಗಿ ಅವರಿಂದ ಆಗದಿರುವುದು ಇನ್ನೊಂದು. ಪ್ರಸಾದ ಸ್ವೀಕರಿಸುವವರ ಸಂಖ್ಯೆ ಬಹಳವಾಗಿ ಪೂಜೆ ಅತಿಯಾಗಿ ಉದ್ದವಾಗುವುದು ಮೂರನೆಯದು. ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವುದು ಈ ಮೂರನೆಯದು ಮಾತ್ರ.

ಅದೇ ಪತ್ರದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ರೋಗಿಗಳಿಗೂ ವೃದ್ಧರಿಗೂ, ಅವರ ಆರೈಕೆ ಮಾಡುವವರಿಗೂ ಪ್ರಸಾದಕ್ಕೆ ಮುಂಚಿನ ಉಪವಾಸವನ್ನು ಅದು ಸುಮಾರು ಕಾಲು ಗಂಟೆಗೆ ಇಳಿಸಿತು. 1983ರ ಕಾನೂನು ಸಂಹಿತೆಯ 919ನೇ ವಿಧಿ ಇನ್ನೂ ಮುಂದೆ ಹೋಗಿ, ಅವರು ಆ ಒಂದು ಗಂಟೆಯೊಳಗೆ ಏನಾದರೂ ಸೇವಿಸಿದ್ದರೂ ಪ್ರಸಾದ ಸ್ವೀಕರಿಸಬಹುದು ಎಂದಿತು. ಮಾತ್ರೆ ನುಂಗಿ ಗಂಜಿ ಕುಡಿದ ರೋಗಿಯನ್ನೂ, ಅವನ ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತ ಮಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವರ ಕಾಳಜಿ ಇದು.

ಪದದ ಗೊಂದಲವೂ ಸ್ವಲ್ಪ ಇದೆ. 910ನೇ ವಿಧಿಯ ಪ್ರಕಾರ ಬಿಷಪ್, ಧರ್ಮಗುರು ಮತ್ತು ಡೀಕನ್ ಪರಮ ಪ್ರಸಾದದ ಸಾಧಾರಣ ಸೇವಕರು. ಅಕೊಲೈಟ್ ಹಾಗೂ ನೇಮಕಗೊಂಡ ಇತರ ವಿಶ್ವಾಸಿಗಳು ಅಸಾಧಾರಣ ಸೇವಕರು. ಕನ್ನಡದಲ್ಲಿ 'ಅಸಾಧಾರಣ' ಎಂದಾಗ ನಮಗೆ ನೆನಪಾಗುವುದು ಅಸಾಧಾರಣ ಪ್ರತಿಭೆ, ಅಸಾಧಾರಣ ಸಾಧನೆ. ಹಾಗಾಗಿ ಹುದ್ದೆ ದೊಡ್ಡದೆಂದೇ ತೋರುತ್ತದೆ. ಲ್ಯಾಟಿನ್ ಮೂಲದಲ್ಲಿ ಅದಕ್ಕಿರುವ ಅರ್ಥ ಇಷ್ಟೇ: ಸಾಮಾನ್ಯ ಕ್ರಮದ ಹೊರಗೆ, ಅಗತ್ಯ ಬಿದ್ದಾಗ. 2004ರ ಮಾರ್ಚ್ 25ರ ದಿನಾಂಕ ಹೊತ್ತ 'ರೆದೆಂಪ್ಸಿಯೋನಿಸ್ ಸಾಕ್ರಮೆಂತುಮ್' ಪತ್ರ ಈ ಹೆಸರಿನ ಬಗ್ಗೆಯೇ ಒಂದು ಪರಿಚ್ಛೇದ ಮೀಸಲಿಟ್ಟು, 'ವಿಶೇಷ ಸೇವಕ' ಎಂದೆಲ್ಲ ಕರೆಯಬೇಡಿ ಎಂದು ಹೇಳಿತು. ನೇಮಕದ ವಿಧಿ ಗುರುದೀಕ್ಷೆಯ ಹಾಗೆ ಕಾಣಬಾರದು ಎಂದೂ ಅದರಲ್ಲಿದೆ. ನಮ್ಮಲ್ಲಿನ ಹೂಗುಚ್ಛ, ಸಾಲು ಸಾಲು ಫೋಟೊಗಳನ್ನು ನೋಡಿದರೆ ಆ ವಾಕ್ಯ ನಮಗೇ ಬರೆದಂತಿದೆ.

ಹಾಗೆಂದು ಭಾನುವಾರದ ಅಗತ್ಯವನ್ನು ತಳ್ಳಿಹಾಕುವುದು ಸರಿಯಲ್ಲ. ಲೆಕ್ಕ ಹಾಕಿ ನೋಡಿ. ಪೂಜೆಗೆ 600 ಮಂದಿ ಬಂದಿದ್ದಾರೆ, ಒಬ್ಬೊಬ್ಬರಿಗೆ ಐದು ಸೆಕೆಂಡು ಎಂದಿಟ್ಟುಕೊಂಡರೆ ಒಬ್ಬರೇ ಗುರುಗಳಿಗೆ 50 ನಿಮಿಷ ಬೇಕು. ನಾಲ್ವರಿದ್ದರೆ ಹದಿಮೂರು ನಿಮಿಷ ಸಾಕು. ಮೊಂತಿ ಹಬ್ಬಕ್ಕೆ, ಈಸ್ಟರ್ ಜಾಗರಣೆಗೆ, ಚರ್ಚಿನ ವಾರ್ಷಿಕ ಹಬ್ಬಕ್ಕೆ ನೆರವು ಬೇಕೇ ಬೇಕು. ಆದರೆ ವಾರದ ನಡುವಿನ ಪೂಜೆಯಲ್ಲಿ, ನಲವತ್ತು ಜನರ ಮುಂದೆ ಇಬ್ಬರು ಸೇವಕರು ನಿಲ್ಲುವ ಅಗತ್ಯ ಎಲ್ಲಿದೆ? ಪೂಜೆ ಸ್ವಲ್ಪ ಉದ್ದವಾಗುತ್ತದೆ ಎಂಬುದು ಸಾಕಷ್ಟು ಕಾರಣವಲ್ಲ ಎಂದು 2004ರ ಪತ್ರ ಸ್ಪಷ್ಟವಾಗಿ ಹೇಳಿದೆ. ಪೂಜೆಯಲ್ಲಿ ಭಾಗವಹಿಸಿದ ಗುರುಗಳು ಆಸನದಲ್ಲೇ ಕುಳಿತು ಶ್ರೀಸಾಮಾನ್ಯರ ಕೈಯಲ್ಲಿ ಪ್ರಸಾದ ಹಂಚಿಸುವುದನ್ನಂತೂ ಅದು ಖಂಡಿಸಿದೆ. ಗುರುಗಳ ಬೆಳ್ಳಿಹಬ್ಬ, ಹೊಸ ಗುರುಗಳ ಮೊದಲ ಪೂಜೆ ಮುಂತಾದ ಸಂದರ್ಭಗಳಲ್ಲಿ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಈಗ ಮನೆಗಳ ಲೆಕ್ಕಕ್ಕೆ ಬರೋಣ. ಒಂದು ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರು, ಹೊರಗೆ ಬರಲಾಗದ ವೃದ್ಧರು ಎಲ್ಲ ಸೇರಿ ನಲವತ್ತು ಮಂದಿ ಇದ್ದಾರೆ ಎಂದುಕೊಳ್ಳಿ. ಒಂದು ಮನೆಗೆ ದಾರಿಯ ಹೊತ್ತೂ ಸೇರಿ ಇಪ್ಪತ್ತು ನಿಮಿಷ. ಒಟ್ಟು ಹದಿಮೂರು ಗಂಟೆಗಿಂತ ಹೆಚ್ಚು. ಒಬ್ಬರೇ ಗುರುಗಳಿರುವ ಕಡೆ ಅದನ್ನು ಒಂದು ಶುಕ್ರವಾರದಲ್ಲಿ ಮುಗಿಸುವುದು ಅಸಾಧ್ಯ; ಎರಡು ಮೂರು ದಿನಗಳಿಗೆ ಹಂಚಬೇಕು, ಇಲ್ಲವೇ ಒಂದೊಂದು ಮನೆಯಲ್ಲಿ ಐದೇ ನಿಮಿಷ ನಿಂತು ಓಡಬೇಕು. ರೋಗಿ ಮಾತು ಶುರು ಮಾಡುವಷ್ಟರಲ್ಲಿ ಗುರುಗಳು ಗೇಟಿನ ಬಳಿ. ಇದೇ ನಲವತ್ತು ಮನೆಗಳನ್ನು ಎಂಟು ಸೇವಕರಿಗೆ ಹಂಚಿದರೆ ತಲಾ ಐದು ಮನೆ. ಭಾನುವಾರದ ಪೂಜೆ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಮತ್ತು ಅದು ಪ್ರತಿ ಭಾನುವಾರ.

'ಪ್ರತಿ ಭಾನುವಾರ' ಎಂಬುದು ಸಣ್ಣ ಮಾತಲ್ಲ. ಸಭೆ ಸೇರಿದ ದಿನವೇ ಬರಲಾಗದವರಿಗೂ ಪ್ರಸಾದ ಮುಟ್ಟಬೇಕು ಎಂಬುದು ಧರ್ಮಸಭೆಯಷ್ಟೇ ಹಳೆಯ ರೂಢಿ. ಕ್ರಿಸ್ತಶಕ 155ರ ಸುಮಾರಿಗೆ ಸಂತ ಜಸ್ಟಿನರು ರೋಮಿನ ಕ್ರೈಸ್ತರ ಭಾನುವಾರದ ಆರಾಧನೆಯನ್ನು ವಿವರಿಸುವಾಗ, ಬಾರದಿದ್ದವರಿಗೆ ಡೀಕನರು ಒಯ್ದು ಮುಟ್ಟಿಸುತ್ತಿದ್ದರು ಎಂದು ಬರೆದಿದ್ದಾರೆ. ಪೂಜೆಯ ಕೊನೆಯಲ್ಲಿ ಗುರುಗಳು ಸೇವಕರ ಕೈಗೆ ಪ್ರಸಾದದ ಡಬ್ಬಿ ಕೊಟ್ಟು, ಎಲ್ಲರ ಎದುರಿನಲ್ಲೇ ರೋಗಿಗಳ ಮನೆಗೆ ಕಳುಹಿಸುವ ಪದ್ಧತಿ ಇಂದು ಕೆಲವು ದೇಶಗಳಲ್ಲಿದೆ. ಅದನ್ನು ನೋಡಿದ ಸಭೆಗೆ, ಇವತ್ತು ನಮ್ಮ ನಡುವೆ ಯಾರಿಲ್ಲ ಎಂಬುದೂ ತಿಳಿಯುತ್ತದೆ.

ಇದಕ್ಕಿಂತ ಮನ ಕಲಕುವ ಇನ್ನೊಂದು ಘಟನೆ ಮೂರನೆಯ ಶತಮಾನದ್ದು. ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸರು ಬರೆದ ಪತ್ರವೊಂದನ್ನು ಚರಿತ್ರಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾರೆ. ಸೆರಾಪಿಯೊನ್ ಎಂಬ ಮುದುಕ ಧರ್ಮಹಿಂಸೆಯ ಕಾಲದಲ್ಲಿ ಹೆದರಿ ವಿಗ್ರಹಗಳಿಗೆ ಬಲಿ ಅರ್ಪಿಸಿದ್ದ. ಆಮೇಲೆ ಎಷ್ಟು ಕ್ಷಮೆ ಬೇಡಿದರೂ ಯಾರೂ ಕಿವಿಗೊಟ್ಟಿರಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ ಮಲಗಿದವನಿಗೆ ನಾಲ್ಕನೆಯ ದಿನ ಎಚ್ಚರ ಬಂತು. ಮಗಳ ಮಗನನ್ನು ಕರೆದು, ಗುರುಗಳನ್ನು ಕರೆತಾ ಎಂದ. ರಾತ್ರಿ ಹೊತ್ತು, ಗುರುಗಳೂ ಕಾಯಿಲೆಯಿಂದ ಮಲಗಿದ್ದರು, ಬರಲಾಗಲಿಲ್ಲ. ಸಾಯುವವರು ಬೇಡಿದರೆ ಕ್ಷಮೆ ಕೊಡಬೇಕೆಂದು ಬಿಷಪರ ಅಪ್ಪಣೆ ಇತ್ತು. ಗುರುಗಳು ಪ್ರಸಾದದ ಒಂದು ಚೂರನ್ನು ಹುಡುಗನ ಕೈಗಿತ್ತು, ನೆನೆಸಿ ಅಜ್ಜನ ಬಾಯಿಗೆ ಹನಿಸು ಎಂದು ಹೇಳಿ ಕಳುಹಿಸಿದರು. ಹುಡುಗ ಮನೆಗೆ ಬಂದು ಹಾಗೆಯೇ ಮಾಡಿದ. ಅದನ್ನು ಸ್ವೀಕರಿಸಿದ ಅಜ್ಜ ಪ್ರಾಣ ಬಿಟ್ಟ.

ಇಂದು ನಾವು ಆ ಗುರುಗಳಂತೆ ಮಾಡಲು ಸುಲಭವಾಗಿ ಸಾಧ್ಯವಿಲ್ಲ. ನೇಮಕಗೊಂಡ ಸೇವಕ ತನ್ನ ಬದಲಿಗೆ ರೋಗಿಯ ಮಗನಿಗೋ ಹೆಂಡತಿಗೋ ಪ್ರಸಾದ ಕೊಟ್ಟು ಕಳುಹಿಸುವಂತಿಲ್ಲ ಎಂದು 2004ರ ಪತ್ರ ನಿಯಮ ಮಾಡಿದೆ. ಅನುಚಿತ ರೂಢಿಗಳನ್ನು ತಡೆಯಲೆಂದು ಬಂದ ನಿಯಮ ಅದು. ಆದರೆ ಗುರುಗಳಿಗೆ ಬರಲಾಗದಿದ್ದಾಗ ಪ್ರಸಾದ ತಡೆಯಬಾರದು ಎಂಬ ಆತುರ ಇದೆಯಲ್ಲ, ಅದು ಇಂದಿಗೂ ನಮ್ಮದಾಗಬೇಕು.

ಕರಾವಳಿಯ ಮನೆಗಳು ಬದಲಾಗಿರುವ ರೀತಿ ನೋಡಿದರೆ ಈ ಆತುರ ಹೆಚ್ಚಬೇಕು. ಮಕ್ಕಳು ಗಲ್ಫಿನಲ್ಲಿ, ಕೆನಡಾದಲ್ಲಿ, ಬೆಂಗಳೂರಿನಲ್ಲಿ. ಹೆಂಚಿನ ಮನೆ ಹೋಗಿ ಮಹಡಿ ಮನೆ ಬಂದಿದೆ. ಒಳಗಿರುವುದು ಎಂಬತ್ತರ ಆಸುಪಾಸಿನ ಇಬ್ಬರು, ಕೆಲವೊಮ್ಮೆ ಒಬ್ಬರೇ, ಜೊತೆಗೆ ಒಬ್ಬ ಹೋಂ ನರ್ಸ್. ಸಂಜೆಯ ತೇರ್ಸಕ್ಕೆ ವಿಡಿಯೊ ಕರೆಯಲ್ಲಿ ಮೊಮ್ಮಕ್ಕಳು ಸೇರಿದರೆ ಅದೇ ದೊಡ್ಡದು. ಟಿ.ವಿ.ಯಲ್ಲಿ, ಯೂಟ್ಯೂಬಿನಲ್ಲಿ ಪೂಜೆ ನೋಡುವ ರೂಢಿ 2020ರ ಲಾಕ್‌ಡೌನ್ ಕಾಲದಲ್ಲಿ ಬಂದದ್ದು ವೃದ್ಧರಿಗೆ ಹಾಗೆಯೇ ಉಳಿದಿದೆ. ಪರದೆಯ ಮೇಲೆ ಎಲ್ಲರೂ ಸಾಲಿನಲ್ಲಿ ಹೋಗಿ ಸ್ವೀಕರಿಸುವುದನ್ನು ಇವರು ಕುಳಿತು ನೋಡುತ್ತಾರೆ. ಇತ್ತ ಸೆಮಿನರಿಗೆ ಸೇರುವ ಹುಡುಗರು ಮೊದಲಿನಷ್ಟಿಲ್ಲ. ಎರಡೂ ಒಟ್ಟಿಗೆ ನಡೆಯುತ್ತಿರುವಾಗ ಮೊದಲ ಶುಕ್ರವಾರವೊಂದನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ರೋಗಿಗಳಿಂದಲೇ ಬರುತ್ತದೆ. "ಫಾದರ್ ಬರಲಿಲ್ಲವಾ?" ಎಂದು ಕೇಳುತ್ತಾರೆ. ಪಕ್ಕದ ಮನೆಯಾತ ಪ್ರಸಾದ ಹಿಡಿದು ಬಾಗಿಲಲ್ಲಿ ನಿಂತರೆ ಅಜ್ಜಿಗೆ ತನ್ನನ್ನು ಎರಡನೆಯ ದರ್ಜೆಗೆ ಇಳಿಸಿದಂತೆ ಅನಿಸುತ್ತದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಚರ್ಚಿನಲ್ಲೇ, ಗಟ್ಟಿಮುಟ್ಟಾದ ಸುಶಿಕ್ಷಿತರೂ ಸೇವಕರ ಸಾಲಿನಿಂದ ಮೆಲ್ಲಗೆ ಜಾರಿ ಗುರುಗಳ ಸಾಲಿಗೆ ಸೇರುವುದನ್ನು ಎಲ್ಲರೂ ನೋಡಿದ್ದೇವೆ. ಯಾರ ಕೈಯಿಂದ ಬಂದರೂ ಪ್ರಸಾದ ಒಂದೇ ಎಂಬುದನ್ನು ಧರ್ಮೋಪದೇಶದ ತರಗತಿಯಲ್ಲಿ ಕಲಿತವರೇ ಇವರೆಲ್ಲ.

ಅಜ್ಜಿಯ ಮಾತಿನಲ್ಲಿ ನಿಜವೂ ಇದೆ. ಪಾಪನಿವೇದನೆ ಕೇಳುವುದು, ರೋಗಿಗಳಿಗೆ ಅಭ್ಯಂಗ ಸಂಸ್ಕಾರ ಕೊಡುವುದು ಗುರುಗಳಿಂದ ಮಾತ್ರ ಸಾಧ್ಯ. ಸೇವಕರು ಪ್ರತಿ ವಾರ ಹೋಗುತ್ತಾರೆಂದು ಗುರುಗಳು ಹೋಗುವುದನ್ನೇ ನಿಲ್ಲಿಸಿದರೆ ರೋಗಿಗೆ ಸಿಕ್ಕಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಹಾಗಾಗಿ ಮೊದಲ ಶುಕ್ರವಾರ ಗುರುಗಳದ್ದಾಗಿಯೇ ಉಳಿಯಲಿ. ಉಳಿದ ಭಾನುವಾರಗಳ ಹೊರೆ ಇಳಿದಿರುವುದರಿಂದ ಅಂದು ಅವರು ಕುರ್ಚಿ ಎಳೆದು ಕುಳಿತುಕೊಳ್ಳಬಹುದು, ಪಾಪನಿವೇದನೆಗೆ ಸಮಯ ಕೊಡಬಹುದು, ಹಳೆಯ ಕಥೆಯನ್ನು ಇನ್ನೊಮ್ಮೆ ಕೇಳಬಹುದು. ಎರಡು ಮೂರು ದಿನಗಳಿಗೆ ಹಂಚಿಕೊಂಡರೂ ಸರಿ. ಯಾವ ಮನೆಯಲ್ಲಿ ಅಭ್ಯಂಗಕ್ಕೆ ತಡ ಮಾಡಬಾರದು, ಯಾರು ಪಾಪನಿವೇದನೆ ಬಯಸುತ್ತಿದ್ದಾರೆ ಎಂದು ಆ ವಾರವೇ ಗುರುಗಳಿಗೆ ತಿಳಿಸುವವರು ಸೇವಕರು. ಮರಣದ ಹೊಸ್ತಿಲಲ್ಲಿ ಇರುವವರಿಗೆ ಕೊಡುವ ಕೊನೆಯ ಪ್ರಸಾದವನ್ನು, ಗುರುಗಳು ಸಿಗದ ಸಂದರ್ಭದಲ್ಲಿ, ನೇಮಕಗೊಂಡ ಸೇವಕರೂ ಕೊಡಬಹುದು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ ಇದು ಗೊತ್ತಿರಬೇಕು.

ಹಾಗಾದರೆ ಎಂಥವರನ್ನು ಆರಿಸಬೇಕು? 1973ರ ಪತ್ರ ಒಂದು ಅನುಕ್ರಮ ಕೊಡುತ್ತದೆ: ವಾಚಕರು, ಸೆಮಿನರಿಯ ವಿದ್ಯಾರ್ಥಿಗಳು, ಧರ್ಮಸಹೋದರರು, ಧರ್ಮಭಗಿನಿಯರು, ಧರ್ಮೋಪದೇಶಕರು, ಕೊನೆಗೆ ವಿಶ್ವಾಸಿ ಗಂಡಸು ಅಥವಾ ಹೆಂಗಸು. ಈ ಅನುಕ್ರಮವನ್ನು ಬಿಷಪರು ಬದಲಿಸಬಹುದು ಎಂದೂ ಇದೆ. ದಾನಿಗಳು, ಮಾಜಿ ಉಪಾಧ್ಯಕ್ಷರು, ಸಂಘಟನೆಯ ಪದಾಧಿಕಾರಿಗಳು ಎಂಬ ವರ್ಗ ಅದರಲ್ಲಿ ಎಲ್ಲೂ ಕಾಣಲಿಲ್ಲ.

ಹೆಂಗಸರ ಬಗ್ಗೆ ಒಂದು ಮಾತು. ಅರ್ಧ ಶತಮಾನದ ಹಿಂದೆಯೇ ಅವರಿಗೆ ತೆರೆದ ಬಾಗಿಲು ಇದು. 2021ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸರು 'ಸ್ಪೀರಿತುಸ್ ದೋಮಿನಿ' ಪತ್ರದ ಮೂಲಕ 230ನೇ ವಿಧಿಯನ್ನು ತಿದ್ದಿ, ವಾಚಕ ಮತ್ತು ಅಕೊಲೈಟ್ ಸೇವೆಗಳನ್ನೂ ಮಹಿಳೆಯರಿಗೆ ತೆರೆದರು. 2024ರ ಅಕ್ಟೋಬರಿನಲ್ಲಿ ಮುಗಿದ ಸಿನೊಡ್ ಶ್ರೀಸಾಮಾನ್ಯರ ಪಾಲ್ಗೊಳ್ಳುವಿಕೆಯ ಬಗ್ಗೆ ವಿಸ್ತಾರವಾಗಿ ಚರ್ಚಿಸಿತು. ಇಷ್ಟಾದ ಮೇಲೂ ಧರ್ಮಭಗಿನಿಯರನ್ನು ಬಿಟ್ಟರೆ ಹೆಂಗಸರ ಹೆಸರೇ ಇಲ್ಲದ ಪಟ್ಟಿಗಳು ಅಲ್ಲಲ್ಲಿ ಸಿಗುತ್ತವೆ. ಸಿದ್ಧಾಂತದ ಮಾತು ಹಾಗಿರಲಿ. ಹಾಸಿಗೆ ಹಿಡಿದ ವೃದ್ಧೆಯ ಕೋಣೆಗೆ ಕಾಲಿಡುವಾಗ, ಆಕೆಯ ತಲೆದಿಂಬು ಸರಿಪಡಿಸಿ ಎತ್ತಿ ಕೂರಿಸುವಾಗ, ವಾರ್ಡಿನ ಒಬ್ಬ ಹೆಂಗಸು ಇದ್ದರೆ ಆ ವೃದ್ಧೆಗೆ ಎಷ್ಟು ಸಮಾಧಾನ ಎಂಬುದನ್ನು ಯೋಚಿಸಿದರೆ ಸಾಕು. ನಿವೃತ್ತ ನರ್ಸ್‌ಗಳು, ಶಿಕ್ಷಕಿಯರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ.

ತರಬೇತಿ ಈಗ ಹೆಚ್ಚಾಗಿ ಬಲಿಪೀಠದ ಸುತ್ತಲೇ ನಿಲ್ಲುತ್ತದೆ: ಯಾವಾಗ ಮೆಟ್ಟಿಲು ಹತ್ತಬೇಕು, ಪಾತ್ರೆ ಹೇಗೆ ಹಿಡಿಯಬೇಕು. ಗುರುಗಳು ಸ್ವೀಕರಿಸಿದ ಮೇಲೆಯೇ ಬಲಿಪೀಠದ ಬಳಿ ಬರಬೇಕು, ಪಾತ್ರೆಯನ್ನು ಗುರುಗಳ ಕೈಯಿಂದಲೇ ಪಡೆಯಬೇಕು. ಇದು ಅರ್ಧ ಗಂಟೆಯ ಪಾಠ. ಮನೆಯ ಪಾಠ ಇದಕ್ಕಿಂತ ಉದ್ದ. ಪ್ರಸಾದದ ಡಬ್ಬಿ ಕೊರಳಿಗೆ ಹಾಕಿದ ಚೀಲದಲ್ಲಿ ಎದೆಯ ಬಳಿ ಇರಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ಅಲ್ಲ. ಚರ್ಚಿನಿಂದ ನೇರ ರೋಗಿಯ ಮನೆಗೆ. ದಾರಿಯಲ್ಲಿ ಮೀನಿನ ಮಾರ್ಕೆಟ್ಟಿಗೆ ಹೊಕ್ಕು ಬಂಗುಡೆಯ ರೇಟು ವಿಚಾರಿಸುವುದು ವಾಪಸ್ ಬರುವಾಗ ಆಗಲಿ. ರೋಗಿ ಮಲಗಿದ್ದಾರೆ, ಎದ್ದ ಮೇಲೆ ಕೊಡುತ್ತೇವೆ, ಇಟ್ಟು ಹೋಗಿ ಎಂದು ಮನೆಯವರು ಹೇಳಿದರೆ ನಯವಾಗಿ ಬೇಡವೆನ್ನಬೇಕು. ಉಳಿದ ಪ್ರಸಾದ ಚರ್ಚಿಗೆ ಮರಳಬೇಕು.

ನುಂಗಲು ಕಷ್ಟವಿರುವವರಿಗೆ ಒಂದು ಸಣ್ಣ ಚೂರು ಸಾಕು, ಜೊತೆಗೆ ಒಂದು ಚಮಚ ನೀರು. ಚೂರಿನಲ್ಲೂ ಇಡೀ ಕ್ರಿಸ್ತರೇ ಇದ್ದಾರೆ. ಘನ ಪದಾರ್ಥ ಒಳಗೆ ಹೋಗುವುದೇ ಇಲ್ಲವಾದರೆ ದ್ರಾಕ್ಷಾರಸದ ರೂಪವೊಂದರಲ್ಲೇ ಕೊಡಲು 925ನೇ ವಿಧಿಯಲ್ಲಿ ಅವಕಾಶ ಇದೆ. ಅದನ್ನು ಗುರುಗಳೊಡನೆ, ಮನೆಯವರೊಡನೆ ಮಾತಾಡಿ ಮಾಡಬೇಕು. ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ತಾಳ್ಮೆ ಬೇಕು. ಮಗನ ಹೆಸರು ಮರೆತವರು 'ಓ ನಮ್ಮ ತಂದೆಯೇ' ಶುರು ಮಾಡಿದೊಡನೆ ತುಟಿ ಅಲ್ಲಾಡಿಸುತ್ತಾರೆ. 'ಆಮೆನ್' ತಾನಾಗಿ ಬರುತ್ತದೆ. ಕೊಂಕಣಿಯಲ್ಲಿ ಪ್ರಾರ್ಥಿಸಿ ಬೆಳೆದವರೊಡನೆ ಕೊಂಕಣಿಯಲ್ಲೇ ಪ್ರಾರ್ಥಿಸಿ.

ಮನೆಯೊಳಗೆ ಕಂಡದ್ದು ಅಲ್ಲೇ ಉಳಿಯಬೇಕು. ಆಸ್ತಿ ಜಗಳ, ಬಡತನ, ಸೊಸೆಯ ಬೇಸರ, ತೊಳೆಯದ ಹೊದಿಕೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಮುಂದಿನ ವಾರ್ಡ್ ಸಭೆಯಲ್ಲಿ ಅದು ಮಾತಾದರೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ವೃದ್ಧರಿಗೆ ಊಟ, ಔಷಧ ಸರಿಯಾಗಿ ಸಿಗುತ್ತಿಲ್ಲ, ಹೊಡೆತ ಬೀಳುತ್ತಿದೆ ಎಂಬ ಅನುಮಾನ ಬಂದರೆ ಮಾತ್ರ ಮೌನ ಸಲ್ಲದು. ನೇರವಾಗಿ ಗುರುಗಳಿಗೆ ತಿಳಿಸಬೇಕು. ಒಬ್ಬರೇ ಹೋಗುವ ಬದಲು ಇಬ್ಬರು ಹೋಗುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಇನ್ನು, ರೋಗಿಯ ಪಕ್ಕದಲ್ಲಿ ಇರುವವರನ್ನು ಮರೆಯಬೇಡಿ. ತಾಯಿಯನ್ನು ಬಿಟ್ಟು ಕದಲಲಾಗದ ಮಗಳು ತಿಂಗಳುಗಟ್ಟಲೆ ಪೂಜೆಗೆ ಬಂದಿರುವುದಿಲ್ಲ. ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೊಂಬತ್ತಿ ಹಚ್ಚಿ ಎಲ್ಲ ಸಿದ್ಧ ಮಾಡಿ, ತಾನು ಬಾಗಿಲ ಬಳಿ ನಿಂತಿರುತ್ತಾಳೆ. ತಾನೂ ಸ್ವೀಕರಿಸಬಹುದೆಂದು ಆಕೆಗೆ ಯಾರೂ ಹೇಳಿರುವುದಿಲ್ಲ. "ನೀವೂ ಸ್ವೀಕರಿಸುತ್ತೀರಾ ಅಕ್ಕ?" ಎಂದು ಕೇಳಬೇಕು. ಅದಕ್ಕಾಗಿ ಡಬ್ಬಿಯಲ್ಲಿ ಯಾವಾಗಲೂ ಒಂದೆರಡು ಹೆಚ್ಚಿಗೆ ಇರಲಿ.

ಮುಂದಿನ ಪಟ್ಟಿ ಮಾಡುವಾಗ ಪಾಲನಾ ಪರಿಷತ್ತಿನಲ್ಲಿ ಹೀಗೊಂದು ಕ್ರಮ ಪ್ರಯತ್ನಿಸಬಹುದು. ಮೊದಲು ಗುರಿಕಾರರು ತಮ್ಮ ತಮ್ಮ ವಾರ್ಡಿನಲ್ಲಿ ಚರ್ಚಿಗೆ ಬರಲಾಗದವರ ಹೆಸರು ಬರೆದು ತರಲಿ. ಆ ಮನೆಗಳಿಗೆ ಹೋಗಲು ಯಾರಿಗೆ ಬಿಡುವಿದೆ, ಯಾರನ್ನು ಆ ಮನೆಯವರು ಒಳಗೆ ಕರೆಯುತ್ತಾರೆ ಎಂದು ನೋಡಿ ಸೇವಕರ ಹೆಸರು ಬಿಷಪರಿಗೆ ಕಳುಹಿಸಲಿ. ಭಾನುವಾರದ ಯಾವ ಪೂಜೆಗೆ ಯಾರು ನಿಲ್ಲುವುದು ಎಂಬ ಪಟ್ಟಿಯನ್ನು, ಇದೆಲ್ಲ ಆದ ಮೇಲೆ, ಅದೇ ಹೆಸರುಗಳಿಂದ ಮಾಡಿಕೊಳ್ಳಬಹುದು.